ಬಿಪಿ ಗುಳಿಗಿಯಿಂದ ವಸಡು ಬೆಳೆದೈತಿ, ಗುಳಿಗಿ ಬಿಡಬೇಕೇನ್ರಿ?

ಪ್ರಶ್ನೆ (ಜಮಖಂಡಿ)
ಅಪ್ಪಾರಿಗೆ 58 ವರ್ಷ. ಅಮ್ಲೊಡಿಪಿನ್ 5 ಮಿ.ಗ್ರಾಂ ಇದ್ದದ್ದು 10 ಆಗಿ ನಾಲ್ಕು ತಿಂಗಳಾತು. ಈಗ ಮುಂದಿನ ಹಲ್ಲಿನ ಸಂದಿಯೊಳಗಿನ ವಸಡು ಉಬ್ಬಿ ಅರ್ಧ ಹಲ್ಲು ಮುಚ್ಚೈತಿ. ನೋವಿಲ್ಲ, ತಿಕ್ಕಿದ್ರ ರಕ್ತ ಬರತೈತಿ. ಮಿಶ್ರಿ (ಹಲ್ಲಿಗೆ ತಿಕ್ಕೂ ತಂಬಾಕಿನ ಪುಡಿ) ಹಚ್ಚೂ ರೂಢಿನೂ ಐತಿ. ಗುಳಿಗಿ ಬಿಟ್ರ ಇಳೀತೈತೇನು?

ಉತ್ತರ 1 (ದಂತವೈದ್ಯ, ಬೆಳಗಾವಿ)
ನೀವಾಗೇ ಬಿಡಬ್ಯಾಡ್ರಿ, ಬಿಪಿ ಏರಿದರೆ ವಸಡಿಗಿಂತ ದೊಡ್ಡ ಅಪಾಯ. ಲಕ್ಷಣವೇನೋ ಈ ಔಷಧಕ್ಕೇ ಹೊಂದುತ್ತದೆ. ಶುರು ಮಾಡಿದ ಇಲ್ಲವೇ ಡೋಸ್ ಏರಿಸಿದ ಕೆಲ ತಿಂಗಳಲ್ಲಿ, ಮುಂದಿನ ಹಲ್ಲುಗಳ ನಡುವಿನ ವಸಡಿನಿಂದಲೇ ಇದು ಹೆಚ್ಚಾಗಿ ಆರಂಭವಾಗುತ್ತದೆ. ಔಷಧದಿಂದ ವಸಡಿನ ಜೀವಕೋಶಕ್ಕೆ ಕ್ಯಾಲ್ಸಿಯಂ ಹೋಗುವುದು ತಗ್ಗಿ, ಹಳೆಯ ಕೊಲಾಜನ್ (ವಸಡಿಗೆ ಗಟ್ಟಿತನ ಕೊಡುವ ನಾರು) ಕರಗದೆ ಕೂಡುತ್ತದೆ. ಅದರ ಮೇಲೆ ಪ್ಲಾಕ್ (ಹಲ್ಲಿಗಂಟುವ ಸೂಕ್ಷ್ಮಾಣುಗಳ ಪದರ) ಇದ್ದರೆ ಬಾವು ಸೇರುತ್ತದೆ. ಉಬ್ಬಿದ ವಸಡಿನ ಕೆಳಗೆ ಬ್ರಷ್ ಹೋಗದು, ಪ್ಲಾಕ್ ಇನ್ನೂ ಹೆಚ್ಚುತ್ತದೆ.

ಅದಕ್ಕೇ ಮೊದಲು ಸ್ಕೇಲಿಂಗ್ (ಹಲ್ಲಿಗಂಟಿದ ಗಟ್ಟಿ ಕೊಳೆ ತೆಗೆಯುವುದು), ಬೇರಿನ ತನಕ ಕ್ಲೀನಿಂಗ್. ಮನೆಯಲ್ಲಿ ಮೆತ್ತನೆ ಬ್ರಷ್ ವಸಡಿನ ಅಂಚಿಗೆ 45 ಡಿಗ್ರಿ ಓರೆ ಹಿಡಿದು ಉಜ್ಜಲಿ, ಸಂದಿಗೆ ಸಣ್ಣ ಇಂಟರ್‌ಡೆಂಟಲ್ ಬ್ರಷ್. ಕ್ಲೋರ್‌ಹೆಕ್ಸಿಡಿನ್ 0.2% ಔಷಧದಿಂದ ದಿನಕ್ಕೆರಡು ಸಲ, 10 ಮಿ.ಲೀ. ಹಾಕಿ ಒಂದು ನಿಮಿಷ ಬಾಯಿ ಮುಕ್ಕಳಿಸಿ ಉಗುಳಲಿ. ಪೇಸ್ಟ್ ಹಾಕಿ ಉಜ್ಜಿದ ಅರ್ಧ ತಾಸಿನ ನಂತರ ಬಳಸಿ, ಪೇಸ್ಟಿನ ನೊರೆಯಿಂದ ಅದರ ಬಲ ಕುಂದುತ್ತದೆ. ಎರಡು ವಾರ ಸಾಕು, ಮುಂದುವರಿಸಿದರೆ ಹಲ್ಲಿಗೆ ಕಂದು ಕಲೆ.

ಉತ್ತರ 2 (ಫಿಜಿಷಿಯನ್, ವಿಜಯಪುರ)
ಬಿಪಿ ಡಾಕ್ಟರಿಗೆ ಬಾಯಿ ತೋರಿಸಿ ಗುಳಿಗಿ ಬದಲಿಸಲು ಕೇಳ್ರಿ. ಟೆಲ್ಮಿಸಾರ್ಟನ್ ತರಹದ ಬೇರೆ ಗುಂಪಿನ ಬಿಪಿ ಗುಳಿಗಿಯಾದರೆ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ), ಪೊಟ್ಯಾಸಿಯಂ ನೋಡಿ ಕೊಡಬೇಕಾಗತದ. ಸಿಲ್ನಿಡಿಪಿನ್ ಬೇರೆ ಹೆಸರಾದರೂ ಅಮ್ಲೊಡಿಪಿನ್ ಗುಂಪಿನದೇ. ಅದರಿಂದಲೂ ವಸಡು ಬೆಳೆದದ್ದುಂಟು. ಬದಲಿಸಿದ ಮೇಲೂ ಇಳಿಯಲು ವಾರಗಳಲ್ಲ, ತಿಂಗಳುಗಳೇ ಬೇಕಾಗಬಹುದು.

ಫಿಟ್ಸ್‌ನ ಫೆನಿಟಾಯಿನ್ ತಗೊಳ್ಳೋರಿಗೂ ಒಂದು ಮಾತು: ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ವಸಡು ಬೆಳೀತದ. ಆದರ ಒಮ್ಮೆಲೆ ನಿಲ್ಲಿಸಿದರ ಒಂದರ ಹಿಂದೊಂದು ಫಿಟ್ಸ್ ಬಂದು ಜೀವಕ್ಕೇ ಕುತ್ತಾಗಬಹುದು. ಫೋಲಿಕ್ ಆಸಿಡನ್ನೂ ತಾವಾಗಿ ತಗೋಬಾರದು, ಅದು ರಕ್ತದಲ್ಲಿನ ಫೆನಿಟಾಯಿನ್ ಮಟ್ಟ ಇಳಿಸಬಲ್ಲದು.

ಉತ್ತರ 3 (ದಂತವೈದ್ಯ, ಬೆಳಗಾವಿ)
ಇಷ್ಟಾದ ಮೇಲೂ ಗಟ್ಟಿಯಾಗಿ ಉಳಿದದ್ದನ್ನು ಸೂಜಿ ಹಾಕಿ ಮರಗಟ್ಟಿಸಿ ಕತ್ತರಿಸುತ್ತೇವೆ. ಹಳೇ ಗುಳಿಗಿ, ಹಳೇ ಪ್ಲಾಕ್ ಎರಡೂ ಉಳಿದರೆ ಮತ್ತೆ ಬೆಳೆಯುತ್ತದೆ. ಕತ್ತರಿಸುವ ಮೊದಲೇ ಸಕ್ಕರೆ ಪರೀಕ್ಷೆ, ಸಿಬಿಸಿ (ರಕ್ತಕಣಗಳ ಎಣಿಕೆ) ಮಾಡಿಸಿ. ಜ್ವರ, ಸುಸ್ತು, ಮೈಮೇಲೆ ನೀಲಿ ಕಲೆ ಇದ್ದು ವಸಡು ವೇಗವಾಗಿ ಉಬ್ಬಿದ್ದರೆ ರಕ್ತದ ಕ್ಯಾನ್ಸರ್ ಅಲ್ಲವೆಂದು ಖಚಿತವಾಗಬೇಕು.

ಮಿಶ್ರಿ ಇವತ್ತೇ ಬಿಡಿಸ್ರಿ, ಅದು ಸುಟ್ಟ ತಂಬಾಕು. ಒಂದೇ ಕಡೆ ಗಟ್ಟಿ ಗಂಟು, ಬಿಳಿ ಇಲ್ಲವೇ ಕೆಂಪು ಮಚ್ಚೆ, ಎರಡು ವಾರಕ್ಕೂ ಮಾಯದ ಹುಣ್ಣು ಕಂಡರೆ ಗುಳಿಗಿ ಮೇಲೆ ತಪ್ಪು ಹಾಕದೆ ಬಯಾಪ್ಸಿ (ಚೂರು ತೆಗೆದು ಮಾಡುವ ಪರೀಕ್ಷೆ) ಕೇಳ್ರಿ.