ಸಮಸ್ಯೆ: ಗಾಳಿಯನು ಬೆನ್ನಟ್ಟಿ ದಣಿದನು ದೊರೆಯು ತೋಟದಲಿ

ಈ ಸಲ ಭಾಮಿನಿ ಷಟ್ಪದಿ, ಅಂದರೆ ಆರು ಸಾಲಿನ ಪದ್ಯ. ಮೇಲಿನದು ಆರನೇ ಸಾಲು, ಮೊದಲ ಐದು ಬರೆದು ಪೂರಣ ಮಾಡುವುದು (ಪದ್ಯ ತುಂಬುವುದು) ನಿಮ್ಮ ಕೆಲಸ. ಳಕಾರದ ಆದಿಪ್ರಾಸ (ಪ್ರತಿ ಸಾಲಿನ ಎರಡನೇ ಅಕ್ಷರ ಳ) ತಪ್ಪಬಾರದು. ದೊರೆ ಅಂದರೆ ಬೈಬಲ್ಲಿನ ‘ಪ್ರಸಂಗಿ’ ಎಂಬ ಪುಸ್ತಕದ ದೊರೆ. ದಾವೀದನ ಮಗ, ಯೆರೂಸಲೇಮಿನ ಅರಸ ಅಂತ ಶುರುವಿನಲ್ಲೇ ಪರಿಚಯ ಇದೆ. ಸೊಲೊಮೋನನೇ ಇವನು ಎಂಬುದು ಸಂಪ್ರದಾಯ. ಆದರೆ 12 ಅಧ್ಯಾಯಗಳಲ್ಲಿ ಆ ಹೆಸರು ಎಲ್ಲೂ ಬರುವುದಿಲ್ಲ. ಪೂರಣಕ್ಕೆ 2ನೇ ಅಧ್ಯಾಯ ಓದಿಕೊಂಡರೆ ಸಾಕು.

ಒಬ್ಬರ ಪೂರಣ:

ಆಳನಿಟ್ಟನು, ಮನೆಯ ಕಟ್ಟಿಸಿ
ಕೇಳಿವನಗಳ ಬೆಳೆಸಿ, ಕೊಳಗಳ
ಆಳ ತೋಡಿಸಿ, ಮೇಳದವರನು ಕರೆಸಿ ಹಾಡಿಸಿದ
ಬಾಳಿ ನೋಡಿದ, ತಿರುಗಿ ನೋಡಿದ,
ನಾಳೆಗುಳಿಯುವುದೇನಿದೆಂದನು,
ಗಾಳಿಯನು ಬೆನ್ನಟ್ಟಿ ದಣಿದನು ದೊರೆಯು ತೋಟದಲಿ

ಸಮಸ್ಯೆ ಕೊಟ್ಟವರು:
ಭೇಷ್ ಸಾರ್! ನಾಲ್ಕನೇ ಸಾಲಿಗೇ ಪೂರ್ತಿ ಅಂಕ. ಬೇರೆ ಕೆಲವರು ಪಾಪ ಅವನಿಗೆ ಕಾವಿ ಉಡಿಸಿ ಕಾಡಿಗೆ ಕಳಿಸಿಬಿಟ್ಟಿದ್ದಾರೆ. ಅವನು ಸನ್ಯಾಸಿ ಅಲ್ಲ ರೀ. ಸುಖ ಅಂದರೇನು ಅಂತ ಬೇಕೆಂದೇ ಪರೀಕ್ಷೆ ಮಾಡಿದವನು. ಕಣ್ಣು ಕೇಳಿದ್ದನ್ನೆಲ್ಲ ಕೊಟ್ಟ. ದ್ರಾಕ್ಷಾರಸ ಕುಡಿಯುವಾಗಲೂ ಬುದ್ಧಿ ಕೈಬಿಡಲಿಲ್ಲವಂತೆ. ದುಡಿದದ್ದರಲ್ಲಿ ಖುಷಿ ಸಿಕ್ಕಿದ್ದು ನಿಜ ಅಂತಲೂ 10ನೇ ವಚನದಲ್ಲಿ ಒಪ್ಪುತ್ತಾನೆ. ನಿಮ್ಮ ಪದ್ಯದಲ್ಲಿ ಆ ಖುಷಿ ಕಾಣಲಿಲ್ಲ, ಅಷ್ಟೇ.

ಪೂರಣ ಬರೆದವರು:
ಖುಷಿ ಸಿಕ್ಕಿದ್ದರೆ ಮುಂದಿನ ವಚನದಲ್ಲೇ ಎಲ್ಲ ಗಾಳಿಯನ್ನು ಬೆನ್ನಟ್ಟಿದ ಹಾಗೆ ಅಂದಿದ್ದೇಕೆ ಸಾರ್?

ಇನ್ನೊಬ್ಬರು:
ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಅದೇ ಅಧ್ಯಾಯದ 18ರಿಂದ 23ನೇ ವಚನದವರೆಗೆ ಓದಿ, ಅಲ್ಲಿದೆ ಅವನ ಸಂಕಟ. ನನ್ನ ಪೂರಣ:

ನಾಳೆಯಾಳುವ ಮಗನು ಜಾಣನೊ
ಗೂಳಿಯಂತಹ ಹುಂಬನೋ ಅದ
ಹೇಳುವವರಾರಯ್ಯ, ಬೆವರಿನ ಗಳಿಕೆಯವನದಲಾ!
ತಾಳಲಾರದೆ ಇರುಳು ನಿದ್ದೆಯ
ವೇಳೆಯಲು ಕಣ್ಮುಚ್ಚದಾದನು,
ಗಾಳಿಯನು ಬೆನ್ನಟ್ಟಿ ದಣಿದನು ದೊರೆಯು ತೋಟದಲಿ

ಮೊದಲ ಪೂರಣ ಬರೆದವರು:
ಚೆನ್ನಾಗಿದೆ ಮೇಡಂ. ಆದರೆ ಗೂಳಿ ಸುಮ್ನೆ ಪ್ರಾಸಕ್ಕೆ ನುಗ್ಗಿದ ಹಾಗಿದೆ, ಅಲ್ವಾ?

ಇನ್ನೊಬ್ಬರು:
ಪ್ರಾಸಕ್ಕೂ ಹೌದು, ಕಥೆಗೂ ಹೌದು! ಸೊಲೊಮೋನನ ಮಗ ರೆಹಬ್ಬಾಮ ಹಿರಿಯರ ಮಾತು ತಳ್ಳಿಹಾಕಿ ಓರಗೆಯವರ ಮಾತು ಕೇಳಿದ. ನೊಗ ಹಗುರ ಮಾಡಿ ಅಂತ ಬಂದ ಜನರಿಗೆ ಇನ್ನೂ ಭಾರ ಮಾಡುತ್ತೇನೆ ಅಂದ. ರಾಜ್ಯ ಎರಡು ಹೋಳಾಯಿತು. ಇದಕ್ಕಿಂತ ಒಳ್ಳೆಯ ಗೂಳಿ ಎಲ್ಲಿ ಸಿಗುತ್ತದೆ?

ಸಮಸ್ಯೆ ಕೊಟ್ಟವರು:
ಗೂಳಿ ಪಾಸ್! ಈ ಪದ್ಯವೇ ನನಗೆ ಜಾಸ್ತಿ ಹಿಡಿಸಿತು. ಸುಖ ಸುಳ್ಳು ಅಂತ ಅವನ ತಕರಾರಲ್ಲ, ಬಿಟ್ಟು ಹೋಗಬೇಕಲ್ಲ ಅಂತ. ಅದಕ್ಕೇ 9ನೇ ಅಧ್ಯಾಯದಲ್ಲಿ ಸಂತೋಷವಾಗಿ ಉಣ್ಣು, ಬಿಳಿ ಬಟ್ಟೆ ಉಡು, ಪ್ರೀತಿಸುವ ಹೆಂಡತಿಯ ಜೊತೆ ಸುಖವಾಗಿರು ಅಂತಾನೆ. ಯೆಹೂದ್ಯರಲ್ಲಿ ಅನೇಕರು ಇದನ್ನು ಓದುವುದು ಸುಕ್ಕೋತ್ ಎಂಬ ಸುಗ್ಗಿ ಹಬ್ಬದಲ್ಲಿ. ಕಣಜ ತುಂಬಿದ ಹೊತ್ತಿಗೆ ಎಂಥ ಪುಸ್ತಕ ಆರಿಸಿದ್ದಾರೆ ನೋಡಿ!

ಮುಂದಿನ ಸಮಸ್ಯೆ ಅದೇ ಗ್ರಂಥದ 11ನೇ ಅಧ್ಯಾಯದ ನೆರಳಲ್ಲಿ:

ರೊಟ್ಟಿಯನು ನೀರೊಳಗೆ ಬಿಟ್ಟವನುಂಡ ಕಡೆಯಲ್ಲಿ

ಟ್ಟ ಪ್ರಾಸಕ್ಕೆ ಪದ ಸಿಗಲಿಲ್ಲ ಅಂತ ಯಾರೂ ನೆಪ ಹೇಳಬೇಡಿ.