ನೆಕ್ರೋಸಿಸ್ ಅಂದರೆ ‘ಕೊಳೆತ’ವೇ? ಕೋಶ ಸಾಯುವುದನ್ನು ಕನ್ನಡದಲ್ಲಿ ಹೇಗೆ ಹೇಳುತ್ತೀರಿ?

ಎಲ್ಲರಿಗೂ ನಮಸ್ಕಾರ. ಒಂದು ಪದ ಎರಡು ವಾರದಿಂದ ತಲೆ ತಿನ್ನುತ್ತಿದೆ.

ಹತ್ತಿರದವರೊಬ್ಬರ ಬಯಾಪ್ಸಿ ವರದಿ ಬಂದಿತ್ತು. ಅದರಲ್ಲಿ ನೆಕ್ರೋಸಿಸ್ ಅಂತ ಒಂದು ಮಾತು. ಯಾರೋ ಅದನ್ನು ಅವರಿಗೆ ‘ಒಳಗೆ ಕೊಳೆತಿದೆ’ ಅಂತ ಬಿಡಿಸಿ ಹೇಳಿಬಿಟ್ಟಿದ್ದಾರೆ. ಪಾಪ, ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ, ಮೈಯಿಂದ ವಾಸನೆ ಬರ್ತಿದೆಯಾ ನೋಡು ಅಂತ ನನ್ನನ್ನೇ ಕೇಳಿದರು. ಕೊಳೆತಿಲ್ಲ, ಅಲ್ಲಿನ ಒಂದಷ್ಟು ಜೀವಕೋಶಗಳು ಸತ್ತಿವೆ, ಅಷ್ಟೇ ಅದರ ಅರ್ಥ ಅಂದೆ. ‘ಸತ್ತದ್ದು ಕೊಳೆಯದೆ ಇರುತ್ತಾ?’ ಅಂತ ತಿರುಗಿ ಕೇಳಿದರು. ನ್ಯಾಯವಾದ ಪ್ರಶ್ನೆ ಅಲ್ವಾ? ನನಗೂ ಆಗಲೇ ಹೊಳೆದದ್ದು, ನಮ್ಮ ಮಾತಿನಲ್ಲಿ ಈ ಎರಡೂ ಎಷ್ಟು ಅಂಟಿಕೊಂಡಿವೆ ಅಂತ.

ಕೊಳೆಯಬೇಕಾದರೆ ಬ್ಯಾಕ್ಟೀರಿಯಾ ಬೇಕು. ನೆಕ್ರೋಸಿಸ್‌ಗೆ ಬೇಕಿಲ್ಲ. ಹೃದಯದ ರಕ್ತನಾಳ ಕಟ್ಟಿಕೊಂಡರೆ, ಸುಮಾರು 20–30 ನಿಮಿಷ ರಕ್ತ ಹೋಗದಿದ್ದರೆ ಸಾಕು, ಅಲ್ಲಿನ ಸ್ನಾಯುಕೋಶಗಳು ವಾಪಸ್ ಬರಲಾಗದ ಗೆರೆ ದಾಟಲು ಶುರುಮಾಡುತ್ತವೆ. ಒಂದೆರಡು ದಿನದ ನಂತರ ಆ ಜಾಗವನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಎಳೆಗಳು ಸಾಲಾಗಿ ಇದ್ದ ಹಾಗೇ ಇರುತ್ತವೆ, ಕೋಶದ ಅಂಚೂ ಕಾಣುತ್ತದೆ, ಬಣ್ಣ ಮಾತ್ರ ಒಂದೇ ಸಮ ಗುಲಾಬಿ, ಮತ್ತು ನಡುವಿನ ಕೋಶಕೇಂದ್ರ ನಾಪತ್ತೆ. ಗೋಡೆ ನಿಂತಿದೆ, ಮನೆಯಲ್ಲಿ ಯಾರೂ ಇಲ್ಲ. ಇದನ್ನು ಕೊಳೆತ ಅನ್ನಲು ಹೇಗೆ ಮನಸ್ಸು ಬರುತ್ತದೆ? ಅದೇ ಮಿದುಳಿನಲ್ಲಿ ರಕ್ತ ನಿಂತರೆ ಸತ್ತ ಭಾಗ ಕರಗಿ ನೀರಾಗುತ್ತದೆ. ಟಿಬಿಯಲ್ಲಿ ಚೀಸ್ ಥರ ಬೆಳ್ಳಗೆ, ಮುಟ್ಟಿದರೆ ಪುಡಿಯಾಗುವ ಹಾಗೆ ಆಗುತ್ತದೆ. ಮೂರೂ ನೆಕ್ರೋಸಿಸ್ಸೇ, ಮೂರರಲ್ಲೂ ಕೊಳೆತ ಇಲ್ಲ.

ಕೊಳೆತ ಅನ್ನುವ ಮಾತು ಸರಿಯಾಗಿ ಕೂರುವುದು ಹಸಿ ಗ್ಯಾಂಗ್ರೀನ್‌ಗೆ, ಅಂದರೆ ಸತ್ತ ಭಾಗಕ್ಕೆ ಬ್ಯಾಕ್ಟೀರಿಯಾ ಸೇರಿಕೊಂಡಾಗ. ಒಣ ಗ್ಯಾಂಗ್ರೀನ್‌ಗೆ ಅದೂ ಇಲ್ಲ. ಅಲ್ಲಿ ಬೆರಳು ಕಪ್ಪಾಗಿ, ಒಣಗಿ, ಸುಕ್ಕಾಗಿ ಕಡ್ಡಿಯಂತಾಗುತ್ತದೆ.

ಸರಿ, ಹಾಗಾದರೆ ಬೇರೆ ಏನು? ‘ಕ್ಷಯ’ ಹಚ್ಚಿ ನೋಡಿದೆ. ಅಂಗಾಂಶಕ್ಷಯ, ಕೋಶಕ್ಷಯ, ಕೇಳಲು ಗಂಭೀರವಾಗಿದೆ. ಆದರೆ ಕ್ಷಯ ಅಂದ ಕೂಡಲೇ ಓದುವವರಿಗೆ ಟಿಬಿ ನೆನಪಾಗುತ್ತದೆ, ಟಿಬಿಯ ಬಗ್ಗೆಯೇ ಬರೆಯುವಾಗ ‘ಕ್ಷಯದಲ್ಲಿ ಕಾಣುವ ಕ್ಷಯ’ ಅಂತ ಬರೆದು ನಾನೇ ನಕ್ಕೆ. ಅದೂ ಅಲ್ಲದೆ ಕ್ಷಯ ಅಂದರೆ ಸವೆಯುವುದು, ಕಡಿಮೆಯಾಗುತ್ತಾ ಹೋಗುವುದು. ಅದು ನೆಕ್ರೋಸಿಸ್‌ಗಿಂತ ಅಟ್ರೊಫಿಗೆ ಹತ್ತಿರ. ಪ್ಲಾಸ್ಟರ್ ಬಿಚ್ಚಿದಾಗ ಒಂದು ಕಾಲು ಇನ್ನೊಂದಕ್ಕಿಂತ ಸಣ್ಣಗೆ ಕಾಣುತ್ತದಲ್ಲ, ಅದು. ಅಲ್ಲಿ ಮುಖ್ಯವಾಗಿ ಆಗಿರುವುದು ಕೋಶಗಳು ಕುಗ್ಗಿರುವುದು, ಓಡಾಡಲು ಶುರುಮಾಡಿದ ಮೇಲೆ ಮತ್ತೆ ತುಂಬಿಕೊಳ್ಳುತ್ತದೆ. ಅದಕ್ಕೆ ನಮ್ಮಲ್ಲಿ ‘ಸೊರಗು’ ಇದೆ, ‘ಬಡವಾಗು’ ಇದೆ. ‘ಕಾಲು ಸೊರಗಿದೆ’ ಅಂದರೆ ಯಾರಿಗೆ ಅರ್ಥವಾಗಲ್ಲ?

ಟಿಶ್ಯೂಗೆ ‘ಅಂಗಾಂಶ’ವೇ ಇರಲಿ ಅನ್ನುವ ಪಕ್ಷ ನನ್ನದು. ಕೆಲವು ಕಡೆ ‘ಊತಕ’ ಅಂತಲೂ ಕಾಣುತ್ತದೆ. ನಮಗೆ ಊತ ಅಂದರೆ ಬಾವು ತಾನೇ, ಊತಕ ಅಂದರೆ ಊದಿಸುವಂಥದ್ದು ಏನೋ ಅನ್ನಿಸಿಬಿಡುತ್ತದೆ. ಅದೇ ಊತವನ್ನು ಇಟ್ಟುಕೊಂಡು ಇನ್‌ಫ್ಲಮೇಶನ್‌ಗೆ ಕಟ್ಟಿದ ‘ಉರಿಯೂತ’ ಮಾತ್ರ ಎಷ್ಟು ಚೆನ್ನಾಗಿದೆ ನೋಡಿ, ಉರಿ ಮತ್ತು ಊತ ಎರಡೂ ಒಂದೇ ಪದದಲ್ಲಿ. ಅದನ್ನು ಕಟ್ಟಿದವರು ಸಿಕ್ಕರೆ ಕೈಕುಲುಕಬೇಕು.

ಈ ಉರಿಯೂತ ನಮ್ಮ ಪ್ರಶ್ನೆಗೂ ಬೇಕು. ಪ್ರಾಣ ಹೋದ ಮೇಲೂ ದೇಹದ ಕೋಶಗಳು ತಮ್ಮದೇ ಕಿಣ್ವಗಳಿಂದ (ಎಂಜೈಮ್) ಕರಗುತ್ತವೆ, ಅದು ನೆಕ್ರೋಸಿಸ್ ಅಲ್ಲ. ನೆಕ್ರೋಸಿಸ್ ಆಗುವುದು ಬದುಕಿರುವ ದೇಹದಲ್ಲಿ. ಕೋಶದ ಪೊರೆ ಹರಿದು ಒಳಗಿದ್ದದ್ದು ಹೊರಗೆ ಚೆಲ್ಲುತ್ತದೆ, ಸುತ್ತಲಿನ ಜೀವಂತ ಅಂಗಾಂಶ ಅದಕ್ಕೆ ಉರಿಯೂತದಿಂದ ಉತ್ತರ ಕೊಡುತ್ತದೆ. ಹಾಗಾಗಿ ‘ಸತ್ತ ಅಂಗಾಂಶ’ ಅಂತ ಸರಳವಾಗಿ ಅಂದರೆ ಸಾಕೇನೋ. ಗಾಯ ಶುಚಿ ಮಾಡುವಾಗ ‘ಸತ್ತ ಮಾಂಸ ತೆಗೀಬೇಕು’ ಅನ್ನುವುದು ಇದ್ದೇ ಇದೆ. ಕೋಶಕೇಂದ್ರ ಹಾಳಾಗುವ ಬಗೆಗಳಿಗೂ ಗ್ರೀಕಿನಲ್ಲಿ ಮೂರು ಭಾರದ ಹೆಸರುಗಳಿವೆ: ಪಿಕ್ನೋಸಿಸ್, ಕ್ಯಾರಿಯೊರೆಕ್ಸಿಸ್, ಕ್ಯಾರಿಯೊಲೈಸಿಸ್. ಮುದುಡಿತು, ಚೂರಾಯಿತು, ಕರಗಿತು ಅಂದರೆ ಮುಗಿಯಿತು! ನಾವು ನಾಮಪದ ಹುಡುಕುತ್ತಾ ಕೂರುವುದೇ ತಪ್ಪು ಅಂತ ನನಗೆ ಅನ್ನಿಸುತ್ತಿದೆ. ಕನ್ನಡದಲ್ಲಿ ಈ ಭೇದಗಳೆಲ್ಲ ಕ್ರಿಯಾಪದದಲ್ಲಿ ಕೂತಿವೆ.

ಹೀಗೆ ಅಂದುಕೊಂಡು ಅಪೊಪ್ಟೋಸಿಸ್‌ಗೆ ಬಂದೆ, ಅಲ್ಲಿ ಸಿಕ್ಕಿಬಿದ್ದೆ.

ಇದೂ ಕೋಶದ ಸಾವೇ. ಆದರೆ ಗಲಾಟೆ ಇಲ್ಲದ ಸಾವು. ಕೋಶ ತನ್ನದೇ ಕಿಣ್ವಗಳನ್ನು ಬಳಸಿ ಒಳಗಿಂದ ತನ್ನನ್ನು ಬಿಚ್ಚಿಕೊಳ್ಳುತ್ತದೆ, ಕುಗ್ಗಿ ಸಣ್ಣ ಸಣ್ಣ ಗಂಟುಗಳಾಗಿ ಒಡೆಯುತ್ತದೆ, ಪೊರೆ ಹರಿಯುವ ಮುಂಚೆಯೇ ಪಕ್ಕದ ಕೋಶಗಳು ಅವನ್ನು ನುಂಗಿಬಿಡುತ್ತವೆ. ಏನೂ ಚೆಲ್ಲುವುದಿಲ್ಲ, ಉರಿಯೂತವೂ ಇಲ್ಲ. ಗರ್ಭದಲ್ಲಿ ಮಗುವಿನ ಬೆರಳುಗಳ ನಡುವಿನ ಪೊರೆ ಹೋಗಿ ಬೆರಳು ಬಿಡಿಬಿಡಿಯಾಗುವುದು ಹೀಗೆಯೇ. ಸೀ. ಎಲಿಗನ್ಸ್ ಅನ್ನುವ ಪುಟ್ಟ ಹುಳದಲ್ಲಂತೂ ಲೆಕ್ಕ ಪಕ್ಕಾ: ಬೆಳೆಯುವಾಗ ಹುಟ್ಟುವ ದೇಹಕೋಶಗಳು 1090, ಅದರಲ್ಲಿ 131 ಸಾಯುತ್ತವೆ, ಉಳಿಯುವುದು 959.

ಇದನ್ನು ‘ಕೋಶದ ಆತ್ಮಹತ್ಯೆ’ ಅಂತ ಬರೆಯುವವರಿದ್ದಾರೆ. ನನಗೆ ಸುತರಾಂ ಇಷ್ಟವಿಲ್ಲ. ಆ ಮಾತಿನ ನೋವು ಬೇರೆ, ಇಲ್ಲಿ ನಡೆಯುವುದು ಬೇರೆ. ‘ಯೋಜಿತ ಕೋಶಮರಣ’ ಸರಿಯೇ, ಆದರೆ ಸರ್ಕಾರಿ ಸುತ್ತೋಲೆಯ ಹಾಗಿದೆ. ಜೊತೆಗೆ ಯೋಜಿತ ಸಾವಿನ ಬಗೆಗಳು ಇನ್ನೂ ಕೆಲವಿವೆ, ಇದೊಂದೇ ಅಲ್ಲ.

ಮೂಲಕ್ಕೆ ಹೋದರೆ ಸುಂದರವಾಗಿದೆ. 1972ರಲ್ಲಿ ಕೆರ್, ವೈಲಿ, ಕರಿ ಎಂಬ ಮೂವರು ತಮ್ಮ ಪ್ರಬಂಧದಲ್ಲಿ ಈ ಹೆಸರಿಟ್ಟರು. ಸೂಚಿಸಿದ್ದು ಅಬರ್ಡೀನ್ ವಿಶ್ವವಿದ್ಯಾಲಯದ ಗ್ರೀಕ್ ಪ್ರಾಧ್ಯಾಪಕರು. ಮರದಿಂದ ಎಲೆ, ಹೂವಿನಿಂದ ಎಸಳು ಉದುರುವುದಕ್ಕೆ ಗ್ರೀಕಿನಲ್ಲಿ ಇರುವ ಪದ ಅದು. ಎರಡನೇ ‘ಪ್’ ಉಚ್ಚರಿಸಬೇಡಿ ಅಂತಲೂ ಅಲ್ಲೇ ಹೇಳಿದ್ದಾರೆ. ಹಾಗಾದರೆ ಕನ್ನಡದಲ್ಲಿ ‘ಅಪೊಟೋಸಿಸ್’ ಅಂತ ಬರೆಯಬೇಕಾ? (ಇದು ಉಪಪ್ರಶ್ನೆ, ಜಗಳ ಬೇಡ.)

‘ಉದುರು’ ನಮ್ಮ ಬಳಿಯೇ ಇದೆಯಲ್ಲ ಅಂತ ಖುಷಿಯಾಯಿತು. ಕೋಶ ಉದುರುವುದು ಅಂತ ಬರೆದು ಒಬ್ಬರಿಗೆ ಓದಲು ಕೊಟ್ಟೆ. ‘ತಲೆಹೊಟ್ಟಿನ ಥರವಾ?’ ಅಂದರು. ಮುಗಿಯಿತು ಕಥೆ. ಉದುರು ಅಂದರೆ ಕೆಳಗೆ ಬೀಳಬೇಕು, ಇಲ್ಲಿ ಬೀಳುವುದೇ ಇಲ್ಲ, ಪಕ್ಕದವರು ನುಂಗುತ್ತಾರೆ. ‘ಕಳಚು’ ಹೇಗೆ? ಹಣ್ಣು ತೊಟ್ಟು ಕಳಚಿಕೊಳ್ಳುವ ಹಾಗೆ, ಹೊತ್ತು ಬಂದಾಗ ತಾನಾಗಿ, ಗಾಯವಿಲ್ಲದೆ. ‘ಕೋಶ ಕಳಚಿಕೊಂಡಿತು’. ನನಗೆ ಹಿಡಿಸಿದೆ, ಆದರೆ ನನ್ನ ಕಿವಿಯನ್ನು ಈಗ ನಾನೇ ನಂಬುತ್ತಿಲ್ಲ.

ಇನ್ನೊಂದು ಸಣ್ಣದು. ಹೈಪರ್‌ಟ್ರೊಫಿ, ಹೈಪರ್‌ಪ್ಲೇಸಿಯಾ ಎರಡಕ್ಕೂ ‘ಅತಿವೃದ್ಧಿ’ ಅಂತ ಹಾಕಿರುವುದನ್ನು ನೋಡಿದ್ದೇನೆ. ಮೊದಲನೆಯದರಲ್ಲಿ ಕೋಶ ದೊಡ್ಡದಾಗುತ್ತದೆ, ಎರಡನೆಯದರಲ್ಲಿ ಕೋಶಗಳ ಸಂಖ್ಯೆ ಜಾಸ್ತಿಯಾಗುತ್ತದೆ. ಹಿಗ್ಗು, ಹೆಚ್ಚು ಅಂತ ಬೇರೆ ಮಾಡೋಣ ಅಂದುಕೊಂಡೆ. ಬಿಪಿಯಿಂದ ಗೋಡೆ ದಪ್ಪಗಾದವರ ಬಗ್ಗೆ ಬರೆಯುವಾಗ ‘ಇವರ ಹೃದಯ ಹಿಗ್ಗಿದೆ’ ಅಂತ ಬಂತು. ಏನೋ ಸಂತೋಷದ ಸುದ್ದಿ ಇದ್ದ ಹಾಗೆ! ಸದ್ಯಕ್ಕೆ ‘ದಪ್ಪಗಾಗು’ ಅಂತ ಇಟ್ಟುಕೊಂಡಿದ್ದೇನೆ.

ನಿಮ್ಮಲ್ಲಿ ಡಾಕ್ಟರುಗಳು, ನರ್ಸುಗಳು ಇದ್ದರೆ ಹೇಳಿ: ರೋಗಿಯ ಮುಂದೆ ಕೂತು ನೆಕ್ರೋಸಿಸ್ ಅನ್ನು ಬಾಯಲ್ಲಿ ಹೇಗೆ ಹೇಳುತ್ತೀರಿ? ಮತ್ತೆ ಎಲ್ಲರಿಗೂ, ‘ಕೋಶ ಕಳಚಿಕೊಂಡಿತು’ ಅಂತ ಓದಿದ ತಕ್ಷಣ ನಿಮಗೆ ಕಂಡದ್ದು ಏನು, ಯೋಚಿಸದೆ ಬರೆಯಿರಿ.