ಜೀವಕೋಶ ‘ಚಿಕ್ಕ’ದೋ ‘ಸಣ್ಣ’ದೋ?

ಎಲ್ಲರಿಗೂ ನಮಸ್ಕಾರ.

ಒಂಬತ್ತನೇ ತರಗತಿಯ ಮಕ್ಕಳಿಗಾಗಿ ಜೀವಕೋಶದ ಬಗ್ಗೆ ಒಂದು ಪಾಠ ಬರೆಯುತ್ತಿದ್ದೇನೆ. ಎರಡು ಪದಗಳ ವಿಷಯದಲ್ಲಿ ನಿಮ್ಮ ಅಭಿಪ್ರಾಯ ಬೇಕಾಗಿದೆ.

ಮೊದಲು ‘ಗಾತ್ರ’. ‘ಕೋಶದ ಗಾತ್ರ ಹೆಚ್ಚಿದಂತೆ ಗಾತ್ರಕ್ಕೆ ಹೋಲಿಸಿದರೆ ಮೇಲ್ಮೈ ಕಡಿಮೆಯಾಗುತ್ತದೆ’ ಅಂತ ಬರೆದರೆ ಮಗುವಿಗೆ ಏನು ತಿಳಿಯಬೇಕು? ಮೊದಲ ಗಾತ್ರ ಎಷ್ಟು ದೊಡ್ಡದು ಎಂಬುದು. ಎರಡನೆಯದು ಒಳಗೆ ಎಷ್ಟು ಹಿಡಿಯುತ್ತದೆ ಎಂಬುದು. ಗಣಿತದ ಪುಸ್ತಕದಲ್ಲಿ ಎರಡನೆಯದಕ್ಕೆ ಘನಫಲ ಅಂತ ಇದೆ. ಸಾಂದ್ರತೆಯ ಪಾಠಕ್ಕೆ ಬಂದರೆ ಅದೇ ಗಾತ್ರ ಆಗಿರುತ್ತದೆ. ನಾನು ಘನಫಲ ಅಂತಲೇ ಇಟ್ಟುಕೊಂಡಿದ್ದೇನೆ. ಬದಿ 1 ಇರುವ ಘನಕ್ಕೆ ಮೇಲ್ಮೈ 6, ಘನಫಲ 1. ಬದಿ 2 ಆದರೆ 24 ಮತ್ತು 8. ಬದಿ 3 ಆದರೆ 54 ಮತ್ತು 27. ಒಳಗಿನ ಒಂದು ಪಾಲಿಗೆ 6 ಪಾಲು ಮೈ ಇದ್ದದ್ದು 3ಕ್ಕೆ, ಆಮೇಲೆ 2ಕ್ಕೆ ಇಳಿಯಿತು. ಆಹಾರ, ಆಮ್ಲಜನಕ ಒಳಗೆ ಬರುವುದೂ ಬೇಡದ್ದು ಹೊರಗೆ ಹೋಗುವುದೂ ಈ ಮೈಯ ಪೊರೆಯ ಮೂಲಕವೇ ಅಲ್ವಾ? ಅದರ ಮೇಲೆ, ಒಳಗೆ ಹರಡುವ ದೂರ ಎರಡು ಪಟ್ಟಾದರೆ ಹಿಡಿಯುವ ಹೊತ್ತು ನಾಲ್ಕು ಪಟ್ಟಾಗುತ್ತದೆ.

ಎರಡನೆಯದೇ ನನ್ನ ಮುಖ್ಯ ಪ್ರಶ್ನೆ. ಪಾಠದ ಹೆಸರು ‘ಕೋಶಗಳು ಏಕೆ ಚಿಕ್ಕವು?’ ಅಂತ ಇತ್ತು. ಆದರೆ ನಮ್ಮ ಬೆನ್ನುಹುರಿಯಿಂದ ಪಾದದವರೆಗೆ ಹೋಗುವ ಒಂದೇ ನರಕೋಶ ಸುಮಾರು 1 ಮೀಟರ್ ಉದ್ದ. ಅದನ್ನು ಚಿಕ್ಕದು ಅನ್ನುವುದು ಹೇಗೆ? ಅದರ ಎಳೆಯ ದಪ್ಪ ಮಾತ್ರ ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲು. ಎಷ್ಟೇ ಉದ್ದವಾದರೂ ಮೈಯಿಂದ ನಡುವಿಗೆ ದೂರ ಬಹಳ ಕಡಿಮೆ. ಕೆಂಪು ರಕ್ತಕಣ 7–8 ಮೈಕ್ರೋಮೀಟರ್ ಅಗಲ, ದಪ್ಪ ಸುಮಾರು 2. ಅದೂ ನಡುವೆ ತಗ್ಗು.

ಇಲ್ಲಿ ‘ಸಣ್ಣ’ ಬಹಳ ಚೆನ್ನಾಗಿ ಹೊಂದುತ್ತದೆ ಅಂತ ನನಗೆ ಅನ್ನಿಸುತ್ತದೆ. ಸಣ್ಣ ದಾರ ಎಷ್ಟು ಉದ್ದ ಬೇಕಾದರೂ ಇರಬಹುದು. ‘ಯಾಕೆ ಇಷ್ಟು ಸಣ್ಣ ಆಗಿದ್ದೀಯ?’ ಅಂದರೆ ಎತ್ತರದ ಮಾತಲ್ಲ. ಸಣ್ಣಕ್ಕಿ ಅನ್ನುವುದೂ ಹಾಗೇ. ಮೀನು ಉಸಿರಾಡುವ ಕಿವಿರಿನಲ್ಲೂ ಇದೇ ಮಾತು. ಕಾರವಾರದ ಮಾರುಕಟ್ಟೆಯಲ್ಲಿ ತಾಜಾ ಬಂಗುಡೆ ಮೀನಿನ ಕಿವಿರಿನ ಮುಚ್ಚಳ ಎತ್ತಿ ನೋಡಿ. ಕೆಂಪು ಎಳೆಗಳು ಒತ್ತೊತ್ತಾಗಿ ಸಾಲುಗಟ್ಟಿರುತ್ತವೆ. ಒಂದೊಂದು ಎಳೆಯ ಮೇಲೂ ಬರಿಗಣ್ಣಿಗೆ ಸುಲಭವಾಗಿ ಕಾಣದ ತೆಳು ಪದರಗಳಿವೆ. ಇಸ್ವಾಣದಂಥ ದೊಡ್ಡ ಮೀನಿನ ಕಿವಿರಿನಲ್ಲೂ ಎಳೆ ಸಣ್ಣವೇ.

ಕೋಳಿಮೊಟ್ಟೆಯ ಹಳದಿ ಒಂದೇ ಕೋಶ ಅಲ್ವಾ ಅಂತ ಯಾರಾದರೂ ಕೇಳಬಹುದು. ಹೌದು, ಆದರೆ ಅದರಲ್ಲಿ ಹೆಚ್ಚಿನದು ಕೂಡಿಟ್ಟ ಆಹಾರ. ಜೀವದ ಕೆಲಸ ನಡೆಯುವ ಭಾಗ ಮೇಲಿನ ಬಿಳಿ ಚುಕ್ಕೆಯಷ್ಟೇ.

ನನ್ನ ಅನುಮಾನ ಇಷ್ಟು. ನಾನು ಶಿರಸಿಯವಳು, ನನ್ನ ಕಿವಿಗೆ ‘ಸಣ್ಣ’ದಲ್ಲಿ ಚಿಕ್ಕದು, ದಪ್ಪ ಇಲ್ಲದ್ದು ಎಂಬ ಎರಡೂ ಅರ್ಥ ಕೇಳುತ್ತವೆ. ಘಟ್ಟದ ಕೆಳಗೆ ದಪ್ಪ ಇಲ್ಲದ್ದಕ್ಕೆ ‘ಸಪೂರ’ ಅನ್ನುತ್ತಾರೆ. ಅಂಕೋಲಾ, ಕುಮಟಾ, ಹೊನ್ನಾವರದವರು ದಯವಿಟ್ಟು ಹೇಳಿ: ಸಪೂರ ಇರುವಲ್ಲಿ ‘ಸಣ್ಣ’ ಅಂದರೆ ಬರೀ ಚಿಕ್ಕದು ಅಂತಲೇ ಕೇಳುತ್ತದೆಯೇ? ಹಾಗಾದರೆ ‘ಕೋಶಗಳು ಏಕೆ ಸಣ್ಣ?’ ಅಂತ ಬರೆದರೂ ಅಲ್ಲಿನ ಮಕ್ಕಳಿಗೆ ನರಕೋಶದ ಹತ್ತಿರ ಗೊಂದಲ ಉಳಿಯುತ್ತದೆ. ‘ಸಪೂರ’ವನ್ನೇ ಪಾಠದೊಳಗೆ ತಂದರೆ ಬಯಲುಸೀಮೆಯ ಮಕ್ಕಳಿಗೆ ಅರ್ಥವಾದೀತೇ?